ಕೊರಟಗೆರೆಯಿಂದ ಒಂದು ಕಾರ್ಡು

ಮಧುಗಿರಿ
12 ಮಾರ್ಚ್ 2025

ವನಜಾಕ್ಷಿ ಮೇಡಂ ಅವರಿಗೆ,

ಯಾವ ಗೌರೀಶ್ ಎಂದು ಕೇಳಬೇಡಿ. ಮಧುಗಿರಿ ಕೇಬಲ್ ಗೌರೀಶ್. ನಿಮ್ಮ ನಂಬರಿಗೆ ಆರು ಸಲ ಫೋನ್ ಮಾಡಿದೆ, ಒಂದು ಸಲವೂ ಹೋಗಲಿಲ್ಲ. ಮೊಬೈಲ್ ಅಂಗಡಿಯಲ್ಲಿ ತೋರಿಸಿದರೆ ‘ಅವ್ರು ನಿಮ್ಮನ್ನ ಬ್ಲಾಕ್ ಮಾಡವ್ರೆ ಸಾರ್’ ಅಂದ. ಇಪ್ಪತ್ತೆರಡು ವರ್ಷವಾದ ಮೇಲೂ ಬ್ಲಾಕ್ ಮಾಡುವಷ್ಟು ನೆನಪಿಟ್ಟುಕೊಂಡಿದ್ದೀರಲ್ಲ, ಅಷ್ಟಕ್ಕೇ ಸಂತೋಷ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ. ಅದಕ್ಕೇ ಪಾವಗಡದ ನಿಮ್ಮ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೆ. ‘ವಾರದ ಹತ್ತು’ ಮತ್ತೆ ಶುರು ಮಾಡಬೇಕು ಅಂತಿದ್ದೇನೆ.

ಮೊನ್ನೆ ಕೋರ್ಟಿನ ಮುಂದೆ ಟೀ ಕುಡಿಯುತ್ತಿದ್ದೆ. ವಕೀಲರು ವೆಂಕಟರಾಮಯ್ಯನವರು ಹೆಗಲ ಮೇಲೆ ಕೈ ಹಾಕಿ, ‘ಏನ್ ಗೌರೀಶಪ್ಪ, ಭಾನುವಾರ ಸಂಜೆ ಆರು ಗಂಟೆಗೆ ಬೀದೀಲಿ ಒಂದ್ ನರಪಿಳ್ಳೆ ಇರ್ತಿರ್ಲಿಲ್ಲ ಕಣಯ್ಯ. ಎಲ್ಲಾ ನಿನ್ ಹತ್ತು ಹಾಡು ನೋಡ್ತಾ ಕೂತಿರೋರು. ಮತ್ತೆ ಹಾಕೋ’ ಅಂದರು. ಮನೆಗೆ ಬಂದು ಬೆಟ್ಟ ನೋಡುತ್ತಾ ಕೂತೆ. ಒಂದು ಕಾಲಕ್ಕೆ ಆ ಬೆಟ್ಟದ ಬುಡದಿಂದ ಸಂತೆ ಮೈದಾನದವರೆಗೆ ಪ್ರತಿ ಮನೆಗೂ ನನ್ನ ವೈರು ಹೋಗಿತ್ತು. ಈಗ ನೂರ ನಲವತ್ತು ಮನೆ ಉಳಿದಿವೆ. ಅವರೂ ಟಿ.ವಿ. ಹಾಕಿ ಫೋನ್ ನೋಡುತ್ತಾರೆ.

ನಿಮಗೆ ನೆನಪಿರಲೇಬೇಕು. ಗುರುವಾರ ಅಂಚೆ ಚೀಲ ಬಿಚ್ಚಿ ಚಾಪೆಯ ಮೇಲೆ ಜನ ಕಳಿಸಿದ ಕಾರ್ಡು ಸುರಿಯುತ್ತಿದ್ದೆವು. ಹಾಡಿಗೊಂದು ಗುಡ್ಡೆ. ಯಾವ ಗುಡ್ಡೆ ಎತ್ತರವೋ ಅದೇ ಒಂದನೇ ಹಾಡು. ಕಾರ್ಡಿನಲ್ಲಿ ನಾಲ್ಕು ಸಾಲು: ಹಾಡು, ಕಳಿಸಿದವರ ಹೆಸರು ಊರು, ಯಾರಿಗಾಗಿ, ಅವರ ಊರು. ಶುಕ್ರವಾರ ನೀವು ಕ್ಯಾಮೆರಾ ಮುಂದೆ ಓದುತ್ತಿದ್ದಿರಿ. ಶನಿವಾರ ಕ್ಯಾಸೆಟ್ ನಕಲು ಮಾಡಿ ಭಾನುವಾರ ಬೆಳಗ್ಗೆ ಕಂಡಕ್ಟರುಗಳ ಕೈಗೆ ಕೊಟ್ಟರೆ ಸಿರಾ, ಕೊರಟಗೆರೆ, ಪಾವಗಡ ಮೂರೂ ಕಡೆ ಸಂಜೆ ಆರಕ್ಕೆ ಸರಿಯಾಗಿ ನಿಮ್ಮ ಮುಖ. ‘ಪಾವಗಡದಿಂದ ಪಟಾಲಮ್ಮ, ತವರಿನ ಅಣ್ಣ ಕದರಪ್ಪನಿಗಾಗಿ’ ಎಂದು ನೀವು ಓದಿದರೆ ಆ ಅಣ್ಣನ ಮನೆಯಲ್ಲಿ ಹಬ್ಬ. ಜನ ಹಾಡಿಗೆ ಕೂರುತ್ತಿರಲಿಲ್ಲ ಮೇಡಂ, ಹೆಸರಿಗೆ ಕೂರುತ್ತಿದ್ದರು.

ಈ ಸಲ ಕೇಬಲ್‌ನಲ್ಲೂ ಬರುತ್ತದೆ, ಫೋನಿನಲ್ಲೂ ಬರುತ್ತದೆ. ಆದರೆ ಲೆಕ್ಕಕ್ಕೆ ಕಾರ್ಡೇ ಬೇಕು. ಓದಲು ನೀವೇ ಬೇಕು. ತಲೆ ನರೆತಿದೆ ಅನ್ನಬೇಡಿ, ನನಗೆ ನರೆಯಲು ಕೂದಲೇ ಉಳಿದಿಲ್ಲ.

ನಿಮ್ಮ ಒಂದು ಸಾಲಿಗೆ ಕಾಯುವ,
ಗೌರೀಶ್


ಪಾವಗಡ
24 ಮಾರ್ಚ್ 2025

ಗೌರೀಶ್ ಅವರಿಗೆ,

ನಗಿಸಲು ನೋಡಿದ್ದೀರಿ. ನಾನು ನಗಲಿಲ್ಲ.

ಕಾರ್ಯಕ್ರಮ ಬೇಡ. ನಾನಂತೂ ಬರುವುದಿಲ್ಲ. ನೀವು ಬೇರೆ ಯಾರನ್ನಾದರೂ ಕೂರಿಸಿ ಮಾಡುವುದೂ ನನಗೆ ಇಷ್ಟವಿಲ್ಲ. ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದೆ. ಅನುಷಾ ಟೀಚರ್ ‘ಇಪ್ಪುಡು ಎವರು ಚೂಸ್ತಾರು ಮೇಡಂ’ ಎಂದು ನಕ್ಕರು. ಯಾರು ನೋಡುತ್ತಾರೆ ಎನ್ನುವುದು ಅವರ ಚಿಂತೆ. ನನ್ನದು ಅದಲ್ಲ.

2003ರ ಮೇ ತಿಂಗಳು. ಕತ್ತರಿ ಹುಡುಕುತ್ತಾ ನಿಮ್ಮ ಮೇಜಿನ ಡ್ರಾಯರ್ ಎಳೆದೆ. ಒಳಗೆ ಒಂದು ಕಟ್ಟು ಖಾಲಿ ಕಾರ್ಡು, ನಾಲ್ಕು ಬಣ್ಣದ ಪೆನ್ನು, ಅರ್ಧ ಬರೆದ ಒಂದು ಕಾರ್ಡು. ‘ಕಳಿಸಿದವರು: ಲಕ್ಕಮ್ಮ.’ ಪ್ರತಿ ವಾರ ತಪ್ಪದೆ ಬರೆಯುತ್ತಿದ್ದ ಲಕ್ಕಮ್ಮ. ಹಿಂದಿನ ವಾರ ತಾನೇ ನಾನು ಕ್ಯಾಮೆರಾ ನೋಡಿ, ‘ಲಕ್ಕಮ್ಮನವರೇ, ಒಂದು ಸಲ ನಿಮ್ಮ ಮನೆಗೆ ಬರುತ್ತೇನೆ’ ಎಂದು ಹೇಳಿದ್ದೆ. ಮನಸಾರೆ ಹೇಳಿದ್ದೆ. ನೀವು ಆಚೆ ನಿಂತು ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಿರಿ. ಕಾರ್ಡು ಕಡಿಮೆ ಬಂದ ವಾರ ನೀವೇ ಎಡಗೈಯಲ್ಲಿ ಬರೆದು ತುಂಬಿಸುತ್ತಿದ್ದಿರಿ ಎನ್ನುವುದು ಆವತ್ತು ತಿಳಿಯಿತು. ಆವತ್ತೇ ಬಿಟ್ಟು ಬಂದೆ. ಮೂರು ವರ್ಷ ನಾನು ಯಾರಿಗೆ ನಮಸ್ಕಾರ ಹೇಳುತ್ತಿದ್ದೆ ಗೌರೀಶ್? ನಿಮ್ಮ ಎಡಗೈಗೆ?

ನನ್ನ ಬಳಿ ಆ ಕೊನೆಯ ವರ್ಷದ ಕಾರ್ಡುಗಳ ಟ್ರಂಕು ಇದೆ. ಪ್ರೀತಿಯಿಂದ ಮನೆಗೆ ತಂದಿಟ್ಟುಕೊಂಡಿದ್ದೆ. ಆಮೇಲೆ ಒಂದು ದಿನವೂ ತೆಗೆದಿಲ್ಲ. ಯಾವುದು ನಿಜ ಯಾವುದು ನೀವು ಬರೆದದ್ದು ಎಂದು ನೋಡುವ ಧೈರ್ಯ ನನಗಿಲ್ಲ.

ಇನ್ನು ಬರೆಯಬೇಡಿ.

ವನಜಾಕ್ಷಿ


ಮಧುಗಿರಿ
9 ಏಪ್ರಿಲ್ 2025

ವನಜಾಕ್ಷಿಯವರಿಗೆ,

ಬರೆಯಬೇಡಿ ಅಂದಿರಿ. ಬರೆಯುತ್ತಿದ್ದೇನೆ. ಬೈದದ್ದು ಸರಿ, ಎಲ್ಲಕ್ಕೂ ತಲೆಬಾಗಿದ್ದೇನೆ. ಆದರೆ ಬಂದವೆಲ್ಲ ಸುಳ್ಳು ಕಾರ್ಡಲ್ಲ, ವಾರಕ್ಕೆ ನೂರು ನಿಜ ಬಂದರೆ ಐದೋ ಹತ್ತೋ ನಾನು ಸೇರಿಸುತ್ತಿದ್ದೆ. ಕಾರ್ಯಕ್ರಮ ಮತ್ತೆ ಬೇಕೋ ಬೇಡವೋ ಬರೆಯಿರಿ ಎಂದು ಫೋನಿನಲ್ಲಿ ಒಂದು ಪ್ರಕಟಣೆ ಹಾಕಿದ್ದೆ. ಹದಿನೇಳು ಕಾಗದ ಬಂದಿವೆ. ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ ಆಮೇಲೆ ಬೇಡ ಅನ್ನಿ. ನಾವು ಮಾಡಿದ್ದರಲ್ಲಿ ಒಳ್ಳೆಯದೂ ಇತ್ತು.

ಗೌರೀಶ್


ಬುಕ್ಕಾಪಟ್ಟಣ
30-3-2025

ಕೇಬಲ್ ಗೌರೀಶಪ್ಪನವರಿಗೆ ಚಿಕ್ಕಲಕ್ಷ್ಮಮ್ಮ ಮಾಡುವ ನಮಸ್ಕಾರ.

ನಮ್ಮ ಸೊಸೆ ಫೋನಲ್ಲಿ ನೋಡಿ ಹೇಳಿದ್ಲು, ವಾರದ ಹತ್ತು ಮತ್ತೆ ಹಾಕ್ತಾರಂತೆ ಅಂತ. ಕೇಳಿ ನನ್ಗೆ ಕೈಕಾಲೇ ಆಡಲಿಲ್ಲ. ಹಾಕಿ ಸ್ವಾಮಿ. ನಿಮ್ಮ ಕಾಲಿಗೆ ಬೀಳ್ತೀನಿ, ಹಾಕಿ.

ನನ್ನ ಮಗಳು ಆಶಾರಾಣಿ. 2002ನೇ ಇಸವಿ ದಸರಾ ರಜ ಮುಗಿದ ಸೋಮವಾರ ಸಿರಾ ಕಾಲೇಜಿಗೆ ಅಂತ ಬಸ್ ಹತ್ತಿದೋಳು ಮನೆಗೆ ಬರಲಿಲ್ಲ. ಹಿಂದಿನ ದಿನ ಭಾನುವಾರ. ನಿಮ್ಮ ಹಾಡು ನೋಡ್ತಾ ಕೂತಿದ್ಲು. ಎಸರು ನೋಡ್ಕೊ ಅಂದಿದ್ದೆ, ನೋಡ್ಲಿಲ್ಲ, ಮುದ್ದೆ ತಳ ಹತ್ತಿ ಮನೆಯೆಲ್ಲ ಸೀದ ವಾಸನೆ. ನಾನು ಸಿಟ್ಟಲ್ಲಿ ಟಿ.ವಿ. ಆಫ್ ಮಾಡ್ಬುಟ್ಟೆ. ‘ಒಂದನೇ ಹಾಡು ಒಂದ್ ನೋಡ್ಕಂತೀನಿ ಬುಡಮ್ಮ’ ಅಂದ್ಲು. ಬುಡಲಿಲ್ಲ. ಬಾಯಿಗೆ ಬಂದಂಗೆ ಅಂದೆ. ಏನಂದೆ ಅಂತ ಬರೆಯೋಕೆ ಕೈ ಬರಲ್ಲ.

ನನ್ಗೆ ಬರೆಯೋದು ಕಲಿಸಿದ್ದೂ ಅವಳೇ. ಊರಲ್ಲಿ ದೊಡ್ಡೋರಿಗೆ ಅಕ್ಷರ ಕಲಿಸೋ ಕ್ಲಾಸ್ ಮಾಡಿದ್ರು, ನಾನು ನಾಚ್ಕೆಂಡು ಹೋಗ್ಲಿಲ್ಲ. ಅವಳು ಸ್ಲೇಟು ಇಟ್ಕಂಡು ಕೈ ಹಿಡಿದು ತಿದ್ದಿಸಿದ್ಲು. ಅವಳು ಹೋದ ಮೇಲೆ ವಾರ ವಾರ ನಿಮ್ಗೆ ಕಾರ್ಡು ಬರೆದೆ, ‘ಮಗಳು ಆಶಾರಾಣಿಗಾಗಿ’ ಅಂತ. ಎಲ್ಲಿದ್ರೂ ಅವಳು ಈ ಹಾಡು ಬುಡಲ್ಲ, ಹೆಸರು ಕೇಳುಸ್ಕಂಡ್ರೆ ಸಿಟ್ಟು ಇಳಿದು ಬರ್ತಾಳೆ ಅಂತ ನನ್ನ ಆಸೆ.

ಸಂಕ್ರಾಂತಿ ಆದ ಭಾನುವಾರ ಆ ಯಮ್ಮ ಓದಿದ್ಲು. ‘ಕೊರಟಗೆರೆಯಿಂದ ಆಶಾರಾಣಿ, ಬುಕ್ಕಾಪಟ್ಟಣದ ತಾಯಿ ಚಿಕ್ಕಲಕ್ಷ್ಮಮ್ಮನವರಿಗಾಗಿ.’ ಏಳನೇ ಹಾಡು. ನನ್ನ ಮಗಳು ಬದುಕವ್ಳೆ ಅಂತ ಅವತ್ತು ತಿಳೀತು. ಆಮೇಲೆ ನಿಮ್ಮ ಕಾರ್ಯಕ್ರಮ ನಿಂತೋಯ್ತು. ಎಲ್ಲಿಗೆ ಬರೀಬೇಕು ಅಂತ ತಿಳೀದೆ ಅವಳೂ ಸುಮ್ನಾಗವ್ಳೆ. ಮತ್ತೆ ಹಾಕಿದ್ರೆ ಮತ್ತೆ ಬರೀತಾಳೆ.

ಇನ್ನೊಂದು ಕೇಳ್ತೀನಿ, ಇಲ್ಲ ಅನ್ಬೇಡಿ. ಆ ಕಾರ್ಡು ಎಲ್ಲಾದ್ರೂ ಇದ್ರೆ ನನ್ಗೆ ಕೊಡಿ. ಅವಳ ಅಕ್ಷರ ಒಂದ್ ಸಲ ನೋಡ್ಬೇಕು.

ಇಂತಿ,
ಚಿಕ್ಕಲಕ್ಷ್ಮಮ್ಮ


ಪಾವಗಡ
20 ಏಪ್ರಿಲ್ 2025

ಗೌರೀಶ್,

ಟ್ರಂಕು ತೆಗೆದೆ. ಮೂರು ಭಾನುವಾರದ ಕಟ್ಟು ಬಿಚ್ಚಿದ ಮೇಲೆ ಸಿಕ್ಕಿತು.

ಹಸಿರು ಶಾಯಿ. ಅಕ್ಷರಗಳು ಎಡಕ್ಕೆ ವಾಲಿವೆ. ಚಿಕ್ಕಲಕ್ಷ್ಮಮ್ಮನವರ ಕಾಗದದಲ್ಲಿ ನೀವು ಒಂದು ವಿಷಯ ಗಮನಿಸಿದಿರಾ? ಸಹಿಯ ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಟ್ಟಿದ್ದಾರೆ. ಅಕ್ಷರ ಕಲಿಸಿದವಳು ಹಾಗೆ ಇಡುತ್ತಿದ್ದಿರಬೇಕು. ಈ ಕಾರ್ಡಿನಲ್ಲಿ ಗೆರೆಯಿಲ್ಲ, ಚುಕ್ಕೆಯಿಲ್ಲ.

ಇದು ಯಾರ ಅಕ್ಷರ? ಒಂದು ಸಾಲು ಸಾಕು. ನಗಿಸಬೇಡಿ.

ವನಜಾಕ್ಷಿ


ಮಧುಗಿರಿ
2 ಮೇ 2025

ವನಜಾಕ್ಷಿಯವರಿಗೆ,

ನನ್ನದು.

ಒಂದು ಸಾಲು ಸಾಕು ಅಂದಿರಿ, ಆದರೆ ಉಳಿದದ್ದನ್ನೂ ಹೇಳದೆ ನನಗೆ ಊಟ ಸೇರುವುದಿಲ್ಲ. ಅವರ ಕಾಗದವನ್ನು ನಾನು ನಾಲ್ಕು ಸಲ ಓದಿ ಸಂತೋಷಪಟ್ಟು ನಿಮಗೆ ಕಳಿಸಿದ್ದೆ. ಆ ಕಾರ್ಡು ನಾನೇ ಬರೆದದ್ದೆಂದು ನನಗೆ ನೆನಪೇ ಇರಲಿಲ್ಲ. ಅಷ್ಟು ಬರೆದಿದ್ದೆ ನೋಡಿ.

ಸಂಕ್ರಾಂತಿಯ ವಾರ ಅಂಚೆ ಕಡಿಮೆ. ಚೀಲ ಬಿಚ್ಚಿದರೆ ಇಪ್ಪತ್ತು ಕಾರ್ಡೂ ಇಲ್ಲ, ಕೊರಟಗೆರೆಯಿಂದ ಒಂದೂ ಇಲ್ಲ. ಅಲ್ಲಿ ಕೇಬಲ್ ನಡೆಸುತ್ತಿದ್ದ ನಾಗಲಿಂಗಯ್ಯ ಹಿಂದಿನ ವಾರವೇ ಜಗಳವಾಡಿದ್ದರು, ‘ನಮ್ ತಾಲ್ಲೂಕಿನ ಹೆಸರೇ ಓದಲ್ಲ ಅಂದ್ಮೇಲೆ ನಿಮ್ ಕ್ಯಾಸೆಟ್ ನಮಗ್ಯಾಕ್ರೀ’ ಎಂದು. ರಾಶಿಯಲ್ಲಿ ಬುಕ್ಕಾಪಟ್ಟಣದ ಕಾರ್ಡು ಕಣ್ಣಿಗೆ ಬಿತ್ತು. ಹತ್ತು ಹನ್ನೊಂದು ವಾರದಿಂದ ತಪ್ಪದೆ ಬರುತ್ತಿತ್ತು. ದಪ್ಪ ದಪ್ಪ ಅಕ್ಷರ, ಮಗಳಿಗಾಗಿ. ‘ಅವರ ಊರು’ ಎನ್ನುವ ಸಾಲು ಮಾತ್ರ ಯಾವಾಗಲೂ ಖಾಲಿ. ಊರಿಲ್ಲದ ಹೆಸರು ಓದಲು ಚೆನ್ನಾಗಿರುವುದಿಲ್ಲವೆಂದು ಅಂಥ ಖಾಲಿ ಸಾಲುಗಳಿಗೆ ಕಳಿಸಿದವರ ಊರನ್ನೇ ನಾನು ತುಂಬುವುದು ಅಭ್ಯಾಸವಾಗಿತ್ತು. ಯಾಕೆ ಖಾಲಿ ಬಿಟ್ಟಿದ್ದಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮದುವೆಯಾಗಿ ಹೋದ ಮಗಳು ಎಂದುಕೊಂಡೆ. ತಾಯಿ ವಾರ ವಾರ ಹಾಡು ಕಳಿಸುತ್ತಿದ್ದಾಳೆ, ಈ ಹುಡುಗಿಗೆ ತಿರುಗಿ ಒಂದು ಕಾರ್ಡು ಬರೆಯಲು ಏನು ಧಾಡಿ ಎಂದು ಸಿಟ್ಟು ಬಂತು. ಅವಳ ಪರವಾಗಿ ನಾನೇ ಬರೆದೆ. ಊರು ಬೇಕಿತ್ತು, ಕೊರಟಗೆರೆ ಎಂದು ಹಾಕಿದೆ. ಬರೆದು ಖುಷಿಪಟ್ಟೆ ವನಜಾ. ಅದನ್ನು ಹೇಳದಿದ್ದರೆ ಇನ್ನೊಂದು ಸುಳ್ಳಾಗುತ್ತದೆ. ನೀವು ಅದನ್ನು ಮನಸಾರೆ ಓದಿದಿರಿ. ಆಗಲೂ ಖುಷಿಪಟ್ಟೆ.

ಗೌರೀಶ್


ಬುಕ್ಕಾಪಟ್ಟಣ
28-5-2025

ತಾಯಿ ವನಜಾಕ್ಷಮ್ಮನವರಿಗೆ,

ನಿಮ್ಮ ಕಾಗದ ಬಂತು. ಟಿ.ವಿ.ಲಿ ಓದ್ತಿದ್ದೋಳು ನಾನೇ, ಕಾರ್ಡು ನನ್ನತ್ರ ಐತೆ, ನಾನೇ ತಂದು ಕೊಡ್ತೀನಿ ಅಂದ್ರಿ. ನನ್ನ ಹೊಟ್ಟೆಗೆ ಹಾಲು ಹುಯ್ದಂಗಾತು. ನಿಧಾನಕ್ಕೆ ಬನ್ನಿ. ಇಷ್ಟು ವರ್ಷ ಕಾದಿದೀನಿ, ಇನ್ನೊಂದ್ ತಿಂಗಳು ಕಾಯ್ತೀನಿ.

ಅವತ್ತು ನಿಮ್ಮ ಬಾಯಲ್ಲಿ ಅವಳ ಹೆಸರು ಬಂದಾಗ ಎದ್ದು ಹೋಗಿ ಟಿ.ವಿ. ಮುಟ್ಟಿ ನೋಡ್ದೆ ಕಣಮ್ಮ. ಮಾರನೇ ದಿನವೇ ಕೊರಟಗೆರೆಗೆ ಹೋದೆ. ಬಸ್ ಸ್ಟ್ಯಾಂಡಲ್ಲಿ ಮೂರು ದಿನ ಫೋಟೋ ಹಿಡ್ಕಂಡು ಕೂತಿದ್ದೆ. ಸಿಗಲಿಲ್ಲ. ಇರಲಿ, ಉಂಡ್ಕಂಡು ಉಟ್ಕಂಡು ಎಲ್ಲೋ ಒಂದ್ಕಡೆ ಅವ್ಳೆ ಅಂತ ಬಂದ್ಬುಟ್ಟೆ.

ಒಂದು ತಿಂಗಳಾದ ಮೇಲೆ ಪೊಲೀಸ್ನೋರು ಬಂದ್ರು. ಯಾವುದೋ ಕೆರೇಲಿ ಒಂದು ಹುಡುಗಿ ಹೆಣ ಸಿಕ್ಕೈತೆ, ಗುರುತು ಹಿಡಿಯೋಕೆ ಬಾಮ್ಮ ಅಂದ್ರು. ಹಸಿರು ಚೂಡಿದಾರ್ ಅಂದ್ರು. ಹಸಿರು ಚೂಡಿದಾರ್ ಊರಿಗೆಲ್ಲ ಇರ್ತವೆ. ನಾನು ಚೆನ್ನಾಗಿ ಬೈದೆ. ನನ್ ಮಗಳು ಟಿ.ವಿ.ಲಿ ಹಾಡು ಕಳಿಸವ್ಳೆ, ಕಂಡೋರ ಹೆಣಕ್ಕೆ ಅವಳ ಹೆಸರು ಕಟ್ಬ್ಯಾಡಿ, ನಾವ್ ಕೊಟ್ಟಿದ್ ಕಂಪ್ಲೇಂಟೂ ಬ್ಯಾಡ ಅಂತ ಬರೆದು ಸೈನ್ ಹಾಕ್ಕೊಟ್ಟೆ. ನಮ್ಮೆಜಮಾನ್ರು ‘ನಾನಾದ್ರೂ ಒಂದ್ ಸಲ ನೋಡ್ಕಂಬತ್ತೀನಿ ಕಣೆ’ ಅಂತ ಚಪ್ಪಲಿ ಮೆಟ್ಕಂಡ್ರು. ಬಾಗಿಲಿಗೆ ಅಡ್ಡ ನಿಂತ್ಕಂಡೆ. ಸಾಯೋಗಂಟ ಅವರು ಆ ಮಾತು ಎತ್ತಲಿಲ್ಲ.

ಬರೋ ದಿನ ಮೊದ್ಲೇ ತಿಳಿಸಿ. ಹುರುಳಿಕಾಳು ಬಸ್ಸಾರು ಮಾಡ್ತೀನಿ.

ಇಂತಿ,
ಚಿಕ್ಕಲಕ್ಷ್ಮಮ್ಮ


ಪಾವಗಡ
6 ಜೂನ್ 2025

ಗೌರೀಶ್,

ಚಿಕ್ಕಲಕ್ಷ್ಮಮ್ಮ ಬರೆದ ಕಾಗದದ ಜೆರಾಕ್ಸ್ ಇಟ್ಟಿದ್ದೇನೆ. ನಿಂತು ಓದಬೇಡ, ಕೂತು ಓದು.

ಆ ಹೆಣ ಅವರ ಮಗಳದೋ ಅಲ್ಲವೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನೋಡಿ ಹೇಳಬೇಕಾಗಿದ್ದವರು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎನ್ನುವುದು ಈಗ ನಮ್ಮಿಬ್ಬರಿಗೂ ಗೊತ್ತು. ನೀನು ಬರೆದೆ, ನಾನು ಮನಸಾರೆ ಓದಿದೆ. ಇಷ್ಟು ವರ್ಷ ನಿನ್ನೊಬ್ಬನ ಮೇಲೆ ಸಿಟ್ಟು ಮಾಡಿಕೊಂಡು ಆರಾಮವಾಗಿದ್ದೆ, ಈಗ ಅದೂ ಇಲ್ಲ.

ಮಕ್ಕಳಿಗೆ ಹಾಜರಿ ಹಾಕುವಾಗ ಹೆಸರು ಕೂಗಲು ಬಾಯಿ ಬರುತ್ತಿಲ್ಲ.

ಕಾರ್ಡು ತೆಗೆದುಕೊಂಡು ಹೋಗುತ್ತೇನೆ. ಕೊಟ್ಟರೆ ಅವರಿಗೆ ಒಂದೇ ಕ್ಷಣದಲ್ಲಿ ತಿಳಿಯುತ್ತದೆ.

ವನಜಾ


ಮಧುಗಿರಿ
14 ಜೂನ್ 2025

ವನಜಾ,

ಕೂತೇ ಓದಿದೆ.

ಕೊಡಬೇಡ. ಕೈಮುಗಿದು ಕೇಳುತ್ತೇನೆ. ಗೆದ್ದಲು ತಿಂದುಹೋಯಿತು ಅನ್ನು, ಮನೆ ಬದಲಾಯಿಸುವಾಗ ಕಳೆಯಿತು ಅನ್ನು. ವಯಸ್ಸಾದ ಹೆಂಗಸು, ಮಗಳು ಬದುಕಿದ್ದಾಳೆ ಎಂದು ನಂಬಿಕೊಂಡು ಬದುಕಿದ್ದಾರೆ. ಅದನ್ನು ಕಿತ್ತುಕೊಂಡು ನಮಗೆ ಸಿಗುವುದೇನು? ನಮ್ಮ ಮನಸ್ಸಿಗೆ ಹಗುರ, ಅಷ್ಟೇ ತಾನೆ?

ಕಾರ್ಯಕ್ರಮ ಶುರು ಮಾಡುತ್ತೇನೆ. ವರ್ಷಕ್ಕೊಂದೇ ಒಂದು ಕಾರ್ಡು, ಸಂಕ್ರಾಂತಿಗೆ, ನಾನೇ ಬರೆಯುತ್ತೇನೆ. ಅವರು ಇರುವತನಕ. ಹಳೆಯ ಪಾಪವನ್ನು ಹೊತ್ತುಕೊಂಡೇ ಇದ್ದೇನೆ, ಇದನ್ನೂ ಹೊರುತ್ತೇನೆ. ನೀನು ಓದುವುದೂ ಬೇಡ.

ಗೌರೀಶ್


ಪಾವಗಡ
7 ಜುಲೈ 2025

ಗೌರೀಶ್,

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಹೋದೆ. ಬರೆದಿದ್ದರೆ ನಿನ್ನ ಮಾತಿಗೆ ಒಪ್ಪಿಬಿಡುತ್ತಿದ್ದೆನೇನೋ. ಬಸ್ಸಿನಲ್ಲಿ ಸಿರಾ ಬರುವವರೆಗೂ ಗೆದ್ದಲಿನ ಮಾತನ್ನೇ ಬಾಯಲ್ಲಿ ಅಭ್ಯಾಸ ಮಾಡುತ್ತಾ ಕೂತಿದ್ದೆ.

ಬುಕ್ಕಾಪಟ್ಟಣದ ಸ್ಟಾಪಿನಲ್ಲೇ ನಿಂತಿದ್ದರು. ಕುಳ್ಳಗಿನ ಹೆಂಗಸು, ದೊಡ್ಡ ಕನ್ನಡಕ. ‘ಟಿ.ವಿ.ಲಿ ಒಳ್ಳೆ ದಪ್ಪುಕ್ ಕಾಣ್ತಿದ್ರಿ, ಏನಮ್ಮ ಇಂಗ್ ಸೊರಗೋಗಿದೀರಿ’ ಎಂದು ಕೈ ಹಿಡಿದುಕೊಂಡರು. ದಾರಿಯುದ್ದಕ್ಕೂ ಎದುರಾದವರಿಗೆಲ್ಲ, ‘ನನ್ ಮಗಳ ಕಾಗದ ತಂದವ್ರೆ ಕಣ್ರೋ’ ಎಂದು ಹೇಳಿಕೊಂಡು ಬಂದರು. ಮನೆಯಲ್ಲಿ ಗೂಟಕ್ಕೆ ಒಂದು ಸ್ಲೇಟು ತೂಗುಹಾಕಿದೆ. ಸೊಸೆ ಮುದ್ದೆಗೆ ಎಸರಿಟ್ಟಿದ್ದಳು.

ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಕನ್ನಡಕವನ್ನೂ ಒರೆಸಿ, ಕೊಡಿ ಅಂದರು. ಕೊಟ್ಟೆ. ಗೆದ್ದಲೂ ಇಲ್ಲ, ಏನೂ ಇಲ್ಲ. ಆ ಮುಖ ನೋಡಿಕೊಂಡು ನನ್ನ ಕೈಯಲ್ಲಿ ಆಗಲಿಲ್ಲ.

ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ವಿಳಾಸದ ಕಡೆ ನೋಡಿದರು. ಮತ್ತೆ ಈ ಕಡೆ. ಬೆರಳಿನಿಂದ ಹೆಸರಿನ ಕೆಳಗೆ ಸವರಿದರು, ಗೆರೆ ಅಳಿಸಿಹೋಗಿದೆಯೇನೋ ಎಂದು.

‘ಇದು ಅವಳ್ದಲ್ಲ’ ಅಂದರು.

ನಾನು ಎಲ್ಲ ಹೇಳಿದೆ. ಯಾರು ಬರೆದದ್ದು, ಯಾಕೆ ಬರೆದದ್ದು, ನಾನು ಹೇಗೆ ಓದಿದೆ. ಅತ್ತುಕೊಂಡೇ ಹೇಳಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ‘ಎಸರು ಮರಳ್ತೈತೆ ನೋಡು’ ಎಂದು ಸೊಸೆಗೆ ಕೂಗಿ ಹೇಳಿದರು. ಆಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು.

‘ಅಂಥ ಹೆಣಕ್ಕೆ ಯಾರೂ ಬರ್ಲಿಲ್ಲ ಅಂದ್ರೆ ಏನ್ ಮಾಡ್ತಾರಮ್ಮ?’

‘ಸರ್ಕಾರದವರೇ ಮಣ್ಣು ಮಾಡ್ತಾರಮ್ಮ’ ಅಂದೆ.

‘ಹಂಗಾರೆ ಮನೆಯೋರು ಯಾರೂ ಮೂರು ಹಿಡಿ ಮಣ್ಣು ಹಾಕ್ಲಿಲ್ಲ’ ಅಂದರು.

ಊಟಕ್ಕೆ ಬಡಿಸಿದರು. ಉಣ್ಣದೆ ಏಳಲು ಬಿಡಲಿಲ್ಲ. ಹೊರಡುವಾಗ ಕಾರ್ಡನ್ನು ನನ್ನ ಕೈಗೆ ವಾಪಸು ಇಟ್ಟು, ‘ಇದು ನಿಮ್ದು, ತಗಂಡೋಗಿ’ ಅಂದರು. ಬಸ್ ಸ್ಟಾಪಿಗೆ ಕಳಿಸಲು ಬರಲಿಲ್ಲ.

ಅದನ್ನು ಇದರ ಜೊತೆ ನಿನಗೆ ಕಳಿಸುತ್ತಿದ್ದೇನೆ. ನನ್ನ ಮನೆಯಲ್ಲಿ ಇಟ್ಟುಕೊಳ್ಳಲಾರೆ.

ವನಜಾ


ಬುಕ್ಕಾಪಟ್ಟಣ
22-9-2025

ಗೌರೀಶಪ್ಪನವರಿಗೆ,

ನೀವು ಬರೆದ ಮೂರು ಕಾಗದವೂ ಬಂದವು. ತಪ್ಪಾಯ್ತು ತಪ್ಪಾಯ್ತು ಅಂತ ಎಷ್ಟು ಸಲ ಬರೀತೀರಿ. ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಯ್ತದೆ. ಸಿಟ್ಟೈತೆ. ಆದ್ರೆ ನಿಮ್ಗಿಂತ ಮುಂಚೆ ನನ್ ಮೇಲೈತೆ. ಬಾಗಿಲಿಗೆ ಅಡ್ಡ ನಿಂತೋಳು ನಾನು, ನೀವಲ್ಲ.

ನೆನ್ನೆ ಮಾಲಯ ಅಮಾಸೆ. ಹಿರಿಯರಿಗೆ ಎಡೆ ಇಡೋ ದಿನ. ವರ್ಷಾ ವರ್ಷಾ ನಮ್ಮೆಜಮಾನ್ರಿಗೆ ಪಂಚೆ ಇಟ್ಟು ಎಡೆ ಹಾಕ್ತಿದ್ದೆ. ಈ ವರ್ಷ ಸಿರಾಕ್ಕೆ ಹೋಗಿ ಒಂದು ಹಸಿರು ಚೂಡಿದಾರ್ ತಂದೆ. ಅಂಗಡಿಯೋನು ಸೈಜ್ ಕೇಳ್ದ. ಹದಿನೇಳು ವರ್ಷದ ಹುಡುಗಿಗೆ ಅಂದೆ. ಪಂಚೆ ಪಕ್ಕ ಇಟ್ಟೆ. ಸೊಸೆ ಅತ್ಲು. ಕದ ಹಾಕಿ ಎಡೆ ಮುಂದಿಂದ ಎಲ್ಲ ಆಚೆ ಬಂದ ಮೇಲೆ ನಾನೂ ಅತ್ತೆ. ಇಪ್ಪತ್ತೆರಡು ವರ್ಷದ್ದು ಒಟ್ಟಿಗೆ ಅತ್ತೆ.

ಅವಳೇ ಅಂತ ನನ್ಗೆ ಗೊತ್ತಿಲ್ಲ. ಎಲ್ಲಾದ್ರೂ ಇದ್ರೆ ಇರ್ಲಿ, ಬಂದ್ರೆ ಬೈಸ್ಕಂತೀನಿ. ಆದ್ರೆ ಆ ಹೆಣ ಯಾರ್ದೇ ಆಗ್ಲಿ, ಒಬ್ಬ ತಾಯಿ ಬರಲಿಲ್ಲ ಅಂತ ಹೋಯ್ತಲ್ಲ, ಅದಕ್ಕೂ ಸೇರಿ ಇಟ್ಟೆ.

ಕಾರ್ಯಕ್ರಮ ಬುಟ್ಬುಡ್ತೀನಿ ಅಂತ ಬರ್ದಿದೀರಿ. ಯಾಕ್ ಬುಡ್ತೀರಿ? ನಡ್ಸಿ. ಹೆಸರು ಕೇಳೋಕೆ ಕೂತಿರೋರು ನಾನೊಬ್ಬಳೇ ಅಲ್ಲ. ಆದ್ರೆ ಬಂದ ಕಾರ್ಡು ಮಾತ್ರ ಓದಿ. ಬರದಿದ್ರೆ ಬಂದಿಲ್ಲ ಅನ್ನಿ. ಹತ್ತು ಆಗ್ಲಿಲ್ಲ ಅಂದ್ರೆ ಸುಮ್ನೆ ಕೂತ್ಕಳಿ. ಬಂದಿಲ್ಲ ಅಂತ ಅವತ್ತೇ ಯಾರಾದ್ರೂ ಅಂದಿದ್ರೆ ನಾನು ಕೆರೆ ಹತ್ರ ಹೋಗ್ತಿದ್ದೆ.

ಕೊನೇದಾಗಿ ಒಂದು. ನಾನು ಟಿ.ವಿ. ಆಫ್ ಮಾಡಿದ ಭಾನುವಾರ ಒಂದನೇ ಹಾಡು ಯಾವುದಿತ್ತು? ಅವಳಿಗೂ ನೋಡೋಕೆ ಆಗ್ಲಿಲ್ಲ, ನನ್ಗೂ ಗೊತ್ತಿಲ್ಲ. ನಿಜ ಇದ್ರೆ ಹೇಳಿ. ನೆನಪಿಲ್ಲ ಅಂದ್ರೆ ನೆನಪಿಲ್ಲ ಅನ್ನಿ.

ಚಿಕ್ಕಲಕ್ಷ್ಮಮ್ಮ


ಪಾವಗಡ
8 ಅಕ್ಟೋಬರ್ 2025

ಗೌರೀಶ್,

ನೀನು ಕಳಿಸಿದ ಅವರ ಕಾಗದ ಓದಿದೆ. 2002ರ ಅಕ್ಟೋಬರ್ 27, ಭಾನುವಾರದ ಕಟ್ಟು ಟ್ರಂಕಿನಲ್ಲಿದೆ. ಹಸಿರು ಶಾಯಿಯವು, ಎಡಕ್ಕೆ ವಾಲಿದವು, ಲಕ್ಕಮ್ಮನವು, ಎಲ್ಲ ತೆಗೆದುಹಾಕಿ ಎಣಿಸಿದೆ. ಎರಡು ಸಲ ಎಣಿಸಿದೆ. ತೊಂಬತ್ತೆಂಟು ನಿಜವಾದವು. ಅದರಲ್ಲಿ ಮೂವತ್ತೊಂದು ಒಂದೇ ಹಾಡಿಗೆ. ತಳ್ಳುಗಾಡಿಯಲ್ಲಿ ಟೊಮೇಟೊ ಮಾರುತ್ತಾ ಕುಣಿಯುವ ಆ ತಮಾಷೆ ಹಾಡು. ನಾವು ಅದನ್ನು ಹಾಕುವಾಗಲೆಲ್ಲ ನಗುತ್ತಿದ್ದೆವು.

ಅವರಿಗೆ ನೀನೇ ಬರೆ. ನಾನು ಓದಲು ಬರುವುದಿಲ್ಲ. ಆದರೆ ನಡೆಸಬೇಡ ಎಂದು ಇನ್ನು ಹೇಳುವುದಿಲ್ಲ.

ವನಜಾ


ಮಧುಗಿರಿ
3 ನವೆಂಬರ್ 2025

ವನಜಾ,

ನಿನ್ನೆ ಭಾನುವಾರ ಸಂಜೆ ಆರಕ್ಕೆ ‘ವಾರದ ಹತ್ತು’ ಹಾಕಿದೆ. ನಾನೇ ಓದಿದೆ. ನನ್ನ ಬೋಳುತಲೆಗೆ ಲೈಟು ಹೊಡೆದು ಎಲ್ಲರ ಕಣ್ಣು ಕುಕ್ಕಿರಬೇಕು.

ಬಂದದ್ದು ಮೂರು ಕಾರ್ಡು. ಗುರುವಾರ ಚಾಪೆ ಹಾಸಿ ಮೂರನ್ನೂ ಇಟ್ಟುಕೊಂಡು ಕೂತಿದ್ದೆ. ಡ್ರಾಯರಿನಲ್ಲಿ ಖಾಲಿ ಕಾರ್ಡು ಇತ್ತು. ಕೈ ಹೋಗಲಿಲ್ಲ ಎಂದರೆ ಸುಳ್ಳು. ಹೋಯಿತು, ವಾಪಸು ಎಳೆದುಕೊಂಡೆ. ಕಾರ್ಯಕ್ರಮದಲ್ಲಿ, ‘ಇನ್ನು ಏಳು ಬಂದಿಲ್ಲ’ ಎಂದು ಹೇಳಿದೆ. ಹೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾಚಿಕೆಯಾಯಿತು, ಆಮೇಲೆ ಹೋಯಿತು.

ಒಂದು ವೆಂಕಟರಾಮಯ್ಯನವರದು. ಇನ್ನೊಂದು ಪಾವಗಡದಿಂದ, ಕಳಿಸಿದವರ ಹೆಸರು ಇಲ್ಲ. ಅಕ್ಷರ ನನಗೆ ಗೊತ್ತು. ಆದರೂ ‘ಪಾವಗಡದಿಂದ ಒಬ್ಬರು’ ಎಂದಷ್ಟೇ ಓದಿದೆ.

ಮೂರನೆಯದು ಬುಕ್ಕಾಪಟ್ಟಣದ್ದು. ಟೊಮೇಟೊ ಗಾಡಿಯ ಹಾಡು. ‘ಯಾರಿಗಾಗಿ: ಮಗಳು ಆಶಾರಾಣಿ.’ ಕೆಳಗೆ ಗೆರೆ, ಎರಡು ಚುಕ್ಕೆ. ‘ಅವರ ಊರು’ ಎನ್ನುವ ಸಾಲು ಖಾಲಿ.

ನಾನು ಏನನ್ನೂ ತುಂಬಲಿಲ್ಲ. ‘ಬುಕ್ಕಾಪಟ್ಟಣದಿಂದ ಚಿಕ್ಕಲಕ್ಷ್ಮಮ್ಮ, ಮಗಳು ಆಶಾರಾಣಿಗಾಗಿ’ ಎಂದು ಓದಿದೆ. ಮೂರಕ್ಕೂ ಒಂದೊಂದೇ ಕಾರ್ಡಾದ್ದರಿಂದ ಯಾವುದೂ ಒಂದನೆಯದಲ್ಲ. ಆದರೂ ಅದನ್ನು ಕೊನೆಗೆ, ಒಂದನೇ ಹಾಡಿನ ಜಾಗದಲ್ಲಿ ಇಟ್ಟೆ. ಎಲ್ಲೂ ಕತ್ತರಿಸದೆ ಪೂರ್ತಿ ಹಾಕಿದೆ.

ಗೌರೀಶ್